ಒಂದು ಹುಲಿಗೆ ಐನೂರು ಜಿಂಕೆ ಯಾಕೆ ಬೇಕು? ಕಾಡಿನ ಶಕ್ತಿ ಲೆಕ್ಕ

ಎಚ್.ಡಿ. ಕೋಟೆ, ಸರಗೂರು, ಗುಂಡ್ಲುಪೇಟೆ ಕಡೆಯಿಂದ ಹುಲಿ ಸುದ್ದಿ ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆ ಒಂದೇ. ಅಷ್ಟು ದೊಡ್ಡ ಕಾಡಿದೆ, ಒಳಗೆ ಹಿಂಡು ಹಿಂಡು ಜಿಂಕೆಗಳಿವೆ, ಹುಲಿಗೆ ಅಲ್ಲೇ ಇರೋಕೆ ಏನು ಕಷ್ಟ?

2022ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 563 ಹುಲಿಗಳಿದ್ದವು. ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141. ಸಾವಿರಾರು ಜಿಂಕೆ ಇರುವ ಕಾಡಿಗೆ ಇದೇನು ಮಹಾ ಸಂಖ್ಯೆ ಅಂತ ಅನ್ನಿಸಬಹುದು. ಆದರೆ ಈ ಕಾಡುಗಳಲ್ಲಿ ಹುಲಿಗಳು ಈಗಾಗಲೇ ಒತ್ತೊತ್ತಾಗಿ ಬದುಕುತ್ತಿವೆ. ಹುಲಿ ಊರಿಗೆ ಬರುವುದಕ್ಕೆ ಕಾರಣ ಹಲವಾರು. ಪ್ರಾಯಕ್ಕೆ ಬಂದ ಗಂಡು ಹುಲಿ ಸ್ವಂತ ಜಾಗ ಹುಡುಕಿಕೊಂಡು ಹೊರಡುತ್ತದೆ. ಮುದಿ ಹುಲಿ, ಗಾಯಗೊಂಡ ಹುಲಿ ಸುಲಭವಾಗಿ ಸಿಗುವ ದನದ ಹಿಂದೆ ಬರುತ್ತದೆ. ಇವೆಲ್ಲದರ ತಳದಲ್ಲಿ ಒಂದು ಲೆಕ್ಕ ಇದೆ. ಒಂದು ಕಾಡು ಎಷ್ಟು ಹುಲಿಗಳನ್ನು ಸಾಕಬಲ್ಲದು ಎಂಬುದನ್ನು ಆ ಕಾಡಿನ ಹುಲ್ಲು, ಸೊಪ್ಪು ತೀರ್ಮಾನಿಸುತ್ತವೆ. ಅದು ಹೇಗೆ ಅಂತ ನೋಡೋಣ.

ಯಾರು ಯಾರನ್ನು ತಿನ್ನುತ್ತಾರೆ

ಕಾಡಿನಲ್ಲಿ ಅಡುಗೆ ಮಾಡುವುದು ಗಿಡಗಳು ಮಾತ್ರ. ಬಿಸಿಲು, ನೀರು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್, ಇಷ್ಟು ಸಿಕ್ಕರೆ ಎಲೆ ಸಕ್ಕರೆ ತಯಾರಿಸಿಕೊಳ್ಳುತ್ತದೆ. ಶಾಲೆಯಲ್ಲಿ ಓದಿದ ದ್ಯುತಿಸಂಶ್ಲೇಷಣೆ ಅಂದರೆ ಇದೇ. ಬಿಸಿಲಿನ ಶಕ್ತಿ ಆ ಸಕ್ಕರೆಯೊಳಗೆ ಸೇರಿಕೊಳ್ಳುತ್ತದೆ. ನೆಲಕ್ಕೆ ಬೀಳುವ ಬಿಸಿಲಿನಲ್ಲಿ ಗಿಡಗಳು ಹೀಗೆ ಹಿಡಿದಿಡುವುದು ಹೆಚ್ಚೂಕಡಿಮೆ ನೂರಕ್ಕೆ ಒಂದು ಪಾಲು. ಕಾಡಿನ ಸಕಲ ಜೀವಿಗಳ ಊಟವೂ ಆ ಒಂದು ಪಾಲಿನಿಂದಲೇ ಬರಬೇಕು.

ಹಾಗಾಗಿ ಗಿಡಗಳದು ಮೊದಲ ಮೆಟ್ಟಿಲು. ಪಠ್ಯಪುಸ್ತಕಗಳು ಅವನ್ನು ಉತ್ಪಾದಕರು ಎನ್ನುತ್ತವೆ. ಹುಲ್ಲು, ಸೊಪ್ಪು ತಿನ್ನುವ ಜಿಂಕೆ, ಕಡವೆ, ಕಾಟಿ, ಆನೆಗಳು ಎರಡನೇ ಮೆಟ್ಟಿಲು. ಅವನ್ನು ತಿನ್ನುವ ಹುಲಿ, ಚಿರತೆ, ಸೀಳುನಾಯಿ ಮೂರನೇ ಮೆಟ್ಟಿಲು. ಈ ಮೆಟ್ಟಿಲುಗಳಿಗೆ ಪೋಷಣಾ ಸ್ತರ ಅಂತ ಹೆಸರು.

ಕೆಲವು ಸರಪಳಿಗಳು ಇನ್ನೂ ಉದ್ದ ಇರುತ್ತವೆ. ಆಗುಂಬೆಯ ಮಳೆಕಾಡನ್ನೇ ತಗೊಳ್ಳಿ. ಎಲೆಯನ್ನು ಮಿಡತೆ ತಿನ್ನುತ್ತದೆ, ಮಿಡತೆಯನ್ನು ಕಪ್ಪೆ, ಕಪ್ಪೆಯನ್ನು ಕೇರೆ ಹಾವು, ಕೇರೆಯನ್ನು ಕಾಳಿಂಗ ಸರ್ಪ. ಕಾಳಿಂಗ ಕೂತಿರುವುದು ಐದನೇ ಮೆಟ್ಟಿಲಿನಲ್ಲಿ. ಅದರಿಂದ ಮೇಲೆ ಸರಪಳಿ ಬೆಳೆಯುವುದು ತೀರಾ ಅಪರೂಪ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಎಲ್ಲ ಪ್ರಾಣಿಗಳೂ ಒಂದೇ ಮೆಟ್ಟಿಲಿಗೆ ಅಂಟಿಕೊಂಡು ಕೂರುವುದಿಲ್ಲ. ಕರಡಿ ಹಣ್ಣು ತಿಂದಾಗ ಎರಡನೇ ಮೆಟ್ಟಿಲು, ಗೆದ್ದಲು ತಿಂದಾಗ ಅದಕ್ಕಿಂತ ಮೇಲೆ. ನಾವೂ ಹಾಗೇ. ಅನ್ನ, ಮುದ್ದೆ ಉಣ್ಣುವಾಗ ಜಿಂಕೆಯ ಸಾಲಿನಲ್ಲಿರುತ್ತೇವೆ, ಕೋಳಿ ಸಾರು ಉಣ್ಣುವಾಗ ಒಂದು ಮೆಟ್ಟಿಲು ಮೇಲಕ್ಕೆ ಹತ್ತಿರುತ್ತೇವೆ.

ಕೊನೆ ಭಾಗಕ್ಕೆ ತಲುಪುವುದು ಎಷ್ಟು

ತುಂಗಭದ್ರಾ ಎಡದಂಡೆ ಕಾಲುವೆಯ ಸುದ್ದಿ ಓದುವವರಿಗೆ ಇದು ಬೇಗ ಅರ್ಥವಾಗುತ್ತದೆ. ಜಲಾಶಯದಿಂದ ಬಿಟ್ಟ ನೀರು ಗಂಗಾವತಿ, ಸಿಂಧನೂರು ದಾಟುತ್ತಾ ಹೋದಂತೆ ಕಡಿಮೆಯಾಗುತ್ತದೆ. ಅಷ್ಟು ಇಂಗಿತು, ಅಷ್ಟು ಆವಿಯಾಯಿತು, ಅಷ್ಟು ಮೇಲ್ಭಾಗದ ಗದ್ದೆಗಳಿಗೆ ಹೋಯಿತು. ಕೊನೆ ಭಾಗದ ರೈತನ ಹೊಲಕ್ಕೆ ಬರುವುದು ಉಳಿದದ್ದು ಮಾತ್ರ. ಕಾಡಿನಲ್ಲಿ ಹುಲಿಯ ಸ್ಥಿತಿ ಈ ಕೊನೆ ಭಾಗದ ರೈತನದು. ಒಂದು ವ್ಯತ್ಯಾಸ ಇದೆ. ಕಾಲುವೆಗೆ ಲೈನಿಂಗ್ ಮಾಡಿ ಸೋರಿಕೆ ತಡೆಯಬಹುದು. ಜೀವಿಗಳ ನಡುವಿನ ಸೋರಿಕೆ ಪೂರ್ತಿ ನಿಲ್ಲಿಸಲು ಯಾರಿಗೂ ಆಗುವುದಿಲ್ಲ. ಶಕ್ತಿ ಒಂದು ರೂಪದಿಂದ ಇನ್ನೊಂದಕ್ಕೆ ಬದಲಾದಾಗಲೆಲ್ಲ ಒಂದಷ್ಟು ಶಾಖವಾಗಿ ಚೆದುರಿ ಹೋಗುತ್ತದೆ. ಅದು ಭೌತಶಾಸ್ತ್ರದ ನಿಯಮ. ಹಾಗೆ ಚೆದುರಿದ ಶಾಖವನ್ನು ಯಾವ ಪ್ರಾಣಿಯೂ ತಿನ್ನಲಾರದು.

ಸಾಮಾನ್ಯವಾಗಿ ಹೇಳುವ ಲೆಕ್ಕ ಹೀಗಿದೆ. ಒಂದು ಮೆಟ್ಟಿಲಿನ ಶಕ್ತಿಯಲ್ಲಿ ಸುಮಾರು ಹತ್ತು ಪರ್ಸೆಂಟ್ ಮಾತ್ರ ಮೇಲಿನ ಮೆಟ್ಟಿಲಿನ ಮೈ ಸೇರುತ್ತದೆ. ಗಿಡಗಳಲ್ಲಿ 10,000 ಕ್ಯಾಲೊರಿ ಇದ್ದರೆ ಅವನ್ನು ತಿನ್ನುವ ಪ್ರಾಣಿಗಳಲ್ಲಿ 1,000, ಅವನ್ನು ತಿನ್ನುವ ಬೇಟೆಗಾರರಲ್ಲಿ 100, ಅದರ ಮೇಲೆ 10.

ಅಮೆರಿಕದ ರೇಮಂಡ್ ಲಿಂಡೆಮನ್ ಎಂಬ ತರುಣ ಮಿನ್ನೆಸೋಟಾದ ಸೀಡರ್ ಬಾಗ್ ಎಂಬ ಪುಟ್ಟ ಕೆರೆಯನ್ನು ವರ್ಷಗಟ್ಟಲೆ ಅಳೆದು, ಶಕ್ತಿ ಹೀಗೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ಹರಿಯುತ್ತದೆ ಎಂಬ ವಿಚಾರವನ್ನು ಲೆಕ್ಕದ ಸಮೇತ ಮುಂದಿಟ್ಟ. ಅವನ ಲೇಖನವನ್ನು ಪರಿಶೀಲಿಸಿದವರು ಮೊದಲು ಒಪ್ಪಲಿಲ್ಲ. ಕೊನೆಗೆ 1942ರಲ್ಲಿ ಅದು ಅಚ್ಚಾಯಿತು. ಅಷ್ಟರಲ್ಲಿ ಲಿಂಡೆಮನ್ ಕಾಯಿಲೆಯಿಂದ ತೀರಿಕೊಂಡಿದ್ದ. ಮೂವತ್ತೂ ತುಂಬಿರಲಿಲ್ಲ. ಇವತ್ತು ಪರಿಸರ ವಿಜ್ಞಾನ ಓದುವ ಪ್ರತಿಯೊಬ್ಬರೂ ಅವನ ಲೇಖನದ ಋಣದಲ್ಲಿದ್ದಾರೆ.

ಹತ್ತು ಪರ್ಸೆಂಟ್ ಅನ್ನುವುದು ಕರಾರುವಾಕ್ಕಾದ ಸಂಖ್ಯೆ ಅಲ್ಲ. ಫ್ಲಾರಿಡಾದ ಸಿಲ್ವರ್ ಸ್ಪ್ರಿಂಗ್ಸ್ ಎಂಬ ಬುಗ್ಗೆಯಲ್ಲಿ ಹೋವರ್ಡ್ ಓಡಮ್ ಮಾಡಿದ ಅಳತೆ 1957ರಲ್ಲಿ ಪ್ರಕಟವಾಯಿತು. ಅಲ್ಲಿ ಒಂದು ಚದರ ಮೀಟರ್ ಜಾಗದಲ್ಲಿ ಗಿಡ, ಪಾಚಿಗಳು ವರ್ಷಕ್ಕೆ 20,810 ಕಿಲೋಕ್ಯಾಲೊರಿ ಶಕ್ತಿ ಹಿಡಿದಿದ್ದವು. ಸಸ್ಯಾಹಾರಿಗಳಿಗೆ ಮುಟ್ಟಿದ್ದು 3,368. ಅವನ್ನು ತಿನ್ನುವವಕ್ಕೆ 383. ತುದಿಯ ಬೇಟೆಗಾರ ಮೀನುಗಳಿಗೆ ಬರೀ 21. ಭಾಗಿಸಿ ನೋಡಿದರೆ ಮೊದಲ ಹೆಜ್ಜೆಯಲ್ಲಿ 16 ಪರ್ಸೆಂಟ್, ಎರಡನೆಯದರಲ್ಲಿ 11, ಮೂರನೆಯದರಲ್ಲಿ 6ಕ್ಕೂ ಕಡಿಮೆ. ಜಾಗ, ಪ್ರಾಣಿ ಬದಲಾದಂತೆ ಸಂಖ್ಯೆ ಬದಲಾಗುತ್ತದೆ. ಬಹುಪಾಲು ಸೋರಿ ಹೋಗುತ್ತದೆ ಅನ್ನುವುದು ಮಾತ್ರ ಎಲ್ಲ ಕಡೆಯೂ ನಿಜ.

ಸೋರಿದ್ದು ಎಲ್ಲಿಗೆ ಹೋಯಿತು

ಒಂದು ಚುಕ್ಕೆ ಜಿಂಕೆಯನ್ನು ಹತ್ತಿರದಿಂದ ನೋಡೋಣ. ನಾಗರಹೊಳೆಯಲ್ಲಿ ಮುಸುವಗಳು ಮರದ ಮೇಲೆ ಕೂತು ಎಲೆ, ಕಾಯಿ ಕಿತ್ತು ಅರ್ಧ ತಿಂದು ಅರ್ಧ ಬೀಳಿಸುತ್ತವೆ. ಕೆಳಗೆ ಜಿಂಕೆಗಳು ಕಾದು ನಿಂತು ಬಿದ್ದದ್ದನ್ನೆಲ್ಲ ಹೆಕ್ಕಿ ತಿನ್ನುತ್ತವೆ. ಮರದ ತುದಿಯ ಚಿಗುರು ಜಿಂಕೆಗೆ ಎಟುಕುವುದಿಲ್ಲವಲ್ಲ. ಮೊದಲ ಸೋರಿಕೆ ಇಲ್ಲೇ ಇದೆ. ಕಾಡು ಹಿಡಿದಿಟ್ಟ ಶಕ್ತಿಯ ದೊಡ್ಡ ಪಾಲು ಮರದ ಕಾಂಡದಲ್ಲಿ, ತೊಗಟೆಯಲ್ಲಿ, ಬೇರಿನಲ್ಲಿ, ಎತ್ತರದ ಕೊಂಬೆಗಳಲ್ಲಿ ಇರುತ್ತದೆ. ಜಿಂಕೆಯ ಬಾಯಿಗೆ ಅದು ಸಿಗುವುದೇ ಇಲ್ಲ.

ಸಿಕ್ಕಿದ್ದೆಲ್ಲ ಜೀರ್ಣವಾಗುವುದೂ ಇಲ್ಲ. ಹುಲ್ಲಿನ ನಾರು ಗಟ್ಟಿ. ಜಿಂಕೆ ಎಷ್ಟು ಮೆಲುಕು ಹಾಕಿದರೂ ಒಂದಷ್ಟು ಹಿಕ್ಕೆಯಾಗಿ ಹೊರಗೆ ಬರುತ್ತದೆ. ಆನೆಯದು ಇನ್ನೂ ಜಾಸ್ತಿ. ತಿಂದದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಅದಕ್ಕೆ ದಕ್ಕುತ್ತದೆ. ಆನೆ ಲದ್ದಿಯನ್ನು ಬಿಡಿಸಿ ನೋಡಿದರೆ ಹುಲ್ಲಿನ ಎಳೆ, ಬೀಜ, ಬಿದಿರಿನ ಚೂರು ಹಾಗೆಹಾಗೇ ಕಾಣುತ್ತವೆ.

ಮೂರನೆಯದೇ ದೊಡ್ಡ ಸೋರಿಕೆ. ಜಿಂಕೆ ಬದುಕಿರಬೇಕಲ್ಲ? ಓಡಬೇಕು, ಉಸಿರಾಡಬೇಕು, ಮರಿ ಹಾಕಬೇಕು, ಕೊಂಬು ಬೆಳೆಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಮೈಯನ್ನು ಹಗಲೂ ರಾತ್ರಿ ಬೆಚ್ಚಗೆ ಇಟ್ಟುಕೊಳ್ಳಬೇಕು. ಜೀರ್ಣವಾದ ಊಟದ ಬಹುಭಾಗ ಈ ಖರ್ಚಿಗೇ ಹೋಗುತ್ತದೆ. ಬಿಸಿರಕ್ತದ ಪ್ರಾಣಿಗಳಲ್ಲಿ ಹೀಗೆ ಒಳಸೇರಿದ ಶಕ್ತಿಯಲ್ಲಿ ಮಾಂಸವಾಗಿ, ಕೊಬ್ಬಾಗಿ ಉಳಿಯುವುದು ನೂರಕ್ಕೆ ಒಂದರಿಂದ ಮೂರು ಪಾಲು ಇರಬಹುದು, ಅಷ್ಟೇ. ಹುಲಿಗೆ ಸಿಗುವುದು ಈ ಉಳಿಕೆ. ಅದರಲ್ಲೂ ಹೊಟ್ಟೆಯ ಚೀಲ, ದೊಡ್ಡ ಮೂಳೆ, ಕೊಂಬು ಹಾಗೇ ಉಳಿದುಬಿಡುತ್ತವೆ.

ತಣ್ಣನೆ ರಕ್ತದ ಪ್ರಾಣಿಗಳ ಕತೆ ಬೇರೆ. ರಂಗನತಿಟ್ಟಿನಲ್ಲಿ ಬಂಡೆ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆ ಮೈ ಕಾಯಿಸಿಕೊಳ್ಳಲು ಬಿಸಿಲನ್ನು ಬಳಸುತ್ತದೆ, ಊಟ ಸುಡುವುದಿಲ್ಲ. ಅದಕ್ಕೇ ದೊಡ್ಡ ಮೊಸಳೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಅದಕ್ಕೇ ನದಿಯ ಒಂದು ಚಿಕ್ಕ ಭಾಗದಲ್ಲಿ ಹತ್ತಾರು ಮೊಸಳೆಗಳು ಒಟ್ಟಿಗೆ ಇರುವುದು ಸಾಧ್ಯ. ಅಷ್ಟೇ ಜಾಗದಲ್ಲಿ ಹತ್ತು ಹುಲಿಗಳನ್ನು ಊಹಿಸಿಕೊಳ್ಳುವುದಕ್ಕೂ ಆಗುವುದಿಲ್ಲ.

ತಿನ್ನದೆ ಬಿಟ್ಟದ್ದು, ಜೀರ್ಣವಾಗದ್ದು, ಸತ್ತು ಬಿದ್ದದ್ದು, ಇವೆಲ್ಲ ಗೆದ್ದಲು, ಸಗಣಿ ಹುಳು, ಅಣಬೆ, ಬ್ಯಾಕ್ಟೀರಿಯಾಗಳ ಪಾಲು. ಇವನ್ನು ವಿಘಟಕರು ಎನ್ನುತ್ತಾರೆ. ಕಾಡಿನ ಶಕ್ತಿಯಲ್ಲಿ ಬಹುಪಾಲು ಸಾಗುವುದು ಈ ದಾರಿಯಲ್ಲೇ. ಸಫಾರಿಯಲ್ಲಿ ಕಾಣಿಸುವ ಪ್ರಾಣಿಗಳಿಗಿಂತ ಮಣ್ಣಿನ ಕಣ್ಣಿಗೆ ಕಾಣದ ಜೀವಗಳು ಜಾಸ್ತಿ ಉಣ್ಣುತ್ತವೆ. ವಿಘಟಕರು ಗೊಬ್ಬರದ ಅಂಶಗಳನ್ನು ಮಣ್ಣಿಗೆ ವಾಪಸ್ ಕೊಡುತ್ತಾರೆ, ಗಿಡ ಮತ್ತೆ ಹೀರಿಕೊಳ್ಳುತ್ತದೆ. ಸಾರಜನಕ, ರಂಜಕ ಹೀಗೆ ಸುತ್ತುತ್ತಲೇ ಇರುತ್ತವೆ. ಶಕ್ತಿ ಸುತ್ತುವುದಿಲ್ಲ. ಒಂದು ಸಲ ಶಾಖವಾಗಿ ಹೋದರೆ ಮುಗಿಯಿತು. ದಿನಾ ಹೊಸ ಬಿಸಿಲು ಬೀಳಲೇಬೇಕು.

ಐನೂರರ ಲೆಕ್ಕ

ಈಗ ಹುಲಿಗೆ ಬರೋಣ. ಒಂದು ಹುಲಿ ಸರಾಸರಿ ವಾರಕ್ಕೊಂದು ದೊಡ್ಡ ಬೇಟೆ ಆಡುತ್ತದೆ. ವರ್ಷಕ್ಕೆ ಸುಮಾರು 50 ಪ್ರಾಣಿ. ಹಾಗಾದರೆ 50 ಜಿಂಕೆ ಇದ್ದರೆ ಒಂದು ಹುಲಿಗೆ ಸಾಕಲ್ವಾ? ಸಾಲದು. ಇರುವ ಐವತ್ತನ್ನೂ ತಿಂದುಬಿಟ್ಟರೆ ಮುಂದಿನ ವರ್ಷಕ್ಕೆ ಏನೂ ಉಳಿಯುವುದಿಲ್ಲ. ಹಿಂಡು ಕರಗದೆ ಇರಬೇಕಾದರೆ ಹುಟ್ಟುವ ಮರಿಗಳ ಲೆಕ್ಕದಲ್ಲೇ ಬೇಟೆ ನಡೆಯಬೇಕು. ಅದರ ಜೊತೆಗೆ ಚಿರತೆ, ಸೀಳುನಾಯಿಗಳಿಗೂ ಪಾಲಿದೆ. ಕಾಯಿಲೆ, ಬರಗಾಲದಲ್ಲೂ ಒಂದಷ್ಟು ಸಾಯುತ್ತವೆ.

ನಾಗರಹೊಳೆಯಲ್ಲಿ 1980ರ ದಶಕದಿಂದ ಹುಲಿಗಳನ್ನು ಅಧ್ಯಯನ ಮಾಡಿದ ಕೆ. ಉಲ್ಲಾಸ ಕಾರಂತರು ಮತ್ತು ಅವರ ಜೊತೆಗಾರರು ಈ ಸಂಬಂಧವನ್ನು ದೇಶದ ಬೇರೆ ಬೇರೆ ಕಾಡುಗಳಲ್ಲಿ ಅಳೆದು ನೋಡಿದರು. ಹುಲಿಗಳು ವರ್ಷಕ್ಕೆ ಬೇಟೆ ಪ್ರಾಣಿಗಳಲ್ಲಿ ಸುಮಾರು ಹತ್ತರಲ್ಲಿ ಒಂದನ್ನು ತಿನ್ನುತ್ತವೆ ಅಂತ ಇಟ್ಟುಕೊಂಡರೆ ಹುಲಿ ಸಂಖ್ಯೆ ಮತ್ತು ಬೇಟೆ ಸಂಖ್ಯೆ ತಾಳೆಯಾಗುತ್ತವೆ. ಅಂದರೆ 50 ಪ್ರಾಣಿ ತಿನ್ನಬೇಕಾದರೆ ಕಾಡಿನಲ್ಲಿ 500 ಇರಬೇಕು. ನೂರು ಹುಲಿಗೆ ಐವತ್ತು ಸಾವಿರ. ಮೇಲೆ ಹೇಳಿದ ಶಕ್ತಿಯ ಹತ್ತು ಪರ್ಸೆಂಟಿಗೂ ಈ ಹತ್ತರಲ್ಲಿ ಒಂದಕ್ಕೂ ನೇರ ಸಂಬಂಧ ಇಲ್ಲ. ಒಂದು ಕ್ಯಾಲೊರಿ ಲೆಕ್ಕ, ಇನ್ನೊಂದು ತಲೆ ಲೆಕ್ಕ. ಸಂಖ್ಯೆ ಕಾಕತಾಳೀಯವಾಗಿ ಒಂದೇ ಆಗಿರುವುದರಿಂದ ಜನ ಇವೆರಡನ್ನೂ ಬೆರೆಸಿಬಿಡುತ್ತಾರೆ.

ಇದೇ ಲೆಕ್ಕ ಇಟ್ಟುಕೊಂಡು ಇನ್ನೊಂದು ಪ್ರಶ್ನೆ ಕೇಳಬಹುದು. ಹುಲಿಯನ್ನೇ ತಿಂದು ಬದುಕುವ ಪ್ರಾಣಿ ಯಾಕಿಲ್ಲ? ಇದ್ದಿದ್ದರೆ, ತಿಂಗಳಿಗೆ ಒಂದು ಹುಲಿ ಸಾಕು ಅಂದುಕೊಂಡರೂ ಅದಕ್ಕೆ ವರ್ಷಕ್ಕೆ 12 ಹುಲಿ ಬೇಕು. ಹತ್ತರಲ್ಲಿ ಒಂದರ ಲೆಕ್ಕದಲ್ಲಿ ಕಾಡಿನಲ್ಲಿ 120 ಹುಲಿ ಇರಬೇಕು. ನಾಗರಹೊಳೆಯ ಹೆಚ್ಚೂಕಡಿಮೆ ಎಲ್ಲ ಹುಲಿಗಳೂ ಸೇರಿ ಅಂಥ ಒಂದೇ ಒಂದು ಪ್ರಾಣಿಯನ್ನು ಸಾಕಬೇಕು. ಅದಕ್ಕೊಂದು ಜೋಡಿ, ಮರಿಗಳು ಅಂದರೆ ಬಂಡೀಪುರ, ವಯನಾಡು, ಮುದುಮಲೈ ಎಲ್ಲ ಸೇರಿದರೂ ಸಾಲುವುದು ಕಷ್ಟ. ಆಹಾರ ಸರಪಳಿ ನಾಲ್ಕೈದು ಮೆಟ್ಟಿಲಿಗೆ ಮುಗಿದುಹೋಗುವುದು ಹೀಗೆ.

ಹಸಿರೆಲ್ಲ ಊಟ ಅಲ್ಲ

ನಾಗರಹೊಳೆಯಂಥ ಕಾಡಿನಲ್ಲಿ ಒಂದು ಹೆಣ್ಣು ಹುಲಿಗೆ ಸುಮಾರು 20 ಚದರ ಕಿಲೋಮೀಟರ್ ಸಾಕಾಗುತ್ತದೆ. ರಷ್ಯಾದ ಪೂರ್ವ ತುದಿಯ ಸಿಖೋತೆ-ಆಲಿನ್ ಕಾಡಿನಲ್ಲಿ ಅದೇ ಜಾತಿಯ ಹೆಣ್ಣು ಹುಲಿಗೆ ಸುಮಾರು 400 ಚದರ ಕಿಲೋಮೀಟರ್ ಬೇಕು. ಪ್ರಾಣಿ ಅದೇ, ಹಸಿವೂ ಹೆಚ್ಚೂಕಡಿಮೆ ಅಷ್ಟೇ. ಅಲ್ಲಿ ವರ್ಷದ ಎಷ್ಟೋ ತಿಂಗಳು ಹಿಮ, ಹುಲ್ಲು ಕಡಿಮೆ. ಹುಲ್ಲು ಕಡಿಮೆ ಅಂದರೆ ಜಿಂಕೆ, ಹಂದಿ ವಿರಳ. ಹಾಗಾಗಿ ಹುಲಿ ಇಪ್ಪತ್ತು ಪಟ್ಟು ಜಾಗ ಸುತ್ತಬೇಕು.

ನಮ್ಮ ಕಾಡುಗಳ ಅದೃಷ್ಟ ದೊಡ್ಡದು. ನಾಗರಹೊಳೆಯ ತಗ್ಗುಗಳಲ್ಲಿ ಹಡ್ಲು ಅಂತ ಕರೆಯುವ ಜೌಗು ಬಯಲುಗಳಿವೆ. ಸುತ್ತ ಕಾಡು ಒಣಗಿದಾಗಲೂ ಅಲ್ಲಿ ತೇವ ಇರುತ್ತದೆ, ಹುಲ್ಲು ಹಸಿರಾಗಿರುತ್ತದೆ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದಂತೆ ಕೆಸರಿನ ಮೇಲೆ ಎಳೆ ಹುಲ್ಲು ಚಿಗುರುತ್ತದೆ. ಆನೆ, ಕಾಟಿ, ಜಿಂಕೆಗಳು ಹಿಂಡಾಗಿ ಅಲ್ಲಿಗೆ ಇಳಿಯುತ್ತವೆ. ಬೇಸಿಗೆಯಲ್ಲಿ ಕಬಿನಿ ದಡದಲ್ಲಿ ಹುಲಿ ಹೆಚ್ಚು ಕಾಣಿಸುವುದಕ್ಕೆ ನೀರಿನಷ್ಟೇ ಈ ಹುಲ್ಲೂ ಕಾರಣ.

ಇದರ ಎದುರಿಗೆ ಲಂಟಾನ ಇದೆ. ದಕ್ಷಿಣ ಮತ್ತು ಮಧ್ಯ ಅಮೆರಿಕದ ಈ ಪೊದೆಯನ್ನು ಬ್ರಿಟಿಷರ ಕಾಲದಲ್ಲಿ ಅಂದದ ಹೂಗಿಡ ಅಂತ ತಂದರು. ಈಗ ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ, ಮಲೆ ಮಹದೇಶ್ವರ ಬೆಟ್ಟದಲ್ಲಿ ಆಳೆತ್ತರ ಬೆಳೆದು ನಿಂತಿದೆ. ರಸ್ತೆಯಲ್ಲಿ ಹೋಗುವವರಿಗೆ ಕಾಡು ಸಮೃದ್ಧವಾಗಿ ಹಸಿರಾಗಿದೆ ಅನ್ನಿಸುತ್ತದೆ. ಲಂಟಾನವೂ ಬಿಸಿಲು ಹಿಡಿಯುತ್ತದೆ, ನಿಜ. ಆದರೆ ಅದರ ಎಲೆಯಲ್ಲಿ ವಿಷ ಇದೆ, ಜಿಂಕೆ, ಕಾಟಿ ಅದನ್ನು ಮೇಯುವುದಿಲ್ಲ. ಹಿಡಿದ ಶಕ್ತಿ ಎರಡನೇ ಮೆಟ್ಟಿಲಿಗೆ ಹತ್ತುವುದೇ ಇಲ್ಲ. ಮೇಲಿಂದ ಅದರ ನೆರಳಿನಲ್ಲಿ ಹುಲ್ಲೂ ಬೆಳೆಯುವುದಿಲ್ಲ. ಒಂದು ಎಕರೆ ಲಂಟಾನ ಹಬ್ಬಿತು ಅಂದರೆ ನಕ್ಷೆಯಲ್ಲಿ ಕಾಡು ಅಷ್ಟೇ ಇರುತ್ತದೆ, ಜಿಂಕೆಯ ಪಾಲಿಗೆ ಒಂದು ಎಕರೆ ಕಡಿಮೆಯಾಗಿರುತ್ತದೆ. ಕಾಡಿನ ವಿಸ್ತೀರ್ಣ ನೋಡಿ ಹುಲಿ ಸಂಖ್ಯೆ ಊಹಿಸುವವರು ಇದನ್ನು ಗಮನಿಸಲೇಬೇಕು.

ಪಿರಮಿಡ್ ಚಿತ್ರದ ಹಿಂದೆ

ಮೆಟ್ಟಿಲುಗಳನ್ನು ಒಂದರ ಮೇಲೊಂದು ಪಟ್ಟಿಯಾಗಿ ಬರೆದರೆ ಕೆಳಗೆ ಅಗಲ, ಮೇಲೆ ಚೂಪು. 1927ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ ಪ್ರಾಣಿಗಳ ಸಂಖ್ಯೆ ಇಟ್ಟುಕೊಂಡು ಇದನ್ನು ವಿವರಿಸಿದ. ಈಗ ಮೂರು ಬಗೆಯ ಪಿರಮಿಡ್ ಬಳಕೆಯಲ್ಲಿವೆ.

ಸಂಖ್ಯಾ ಪಿರಮಿಡ್‌ನಲ್ಲಿ ತಲೆ ಎಣಿಸುತ್ತಾರೆ. ಸುಲಭ, ಆದರೆ ಮೋಸ ಹೋಗಬಹುದು. ಒಂದು ಆಲದ ಮರ, ಅದರ ಹಣ್ಣಿಗೆ ಬಂದ ನೂರಾರು ಹಕ್ಕಿ, ಆ ಹಕ್ಕಿಗಳ ಮೈಮೇಲೆ ಸಾವಿರಾರು ಹೇನು. ಪಿರಮಿಡ್ ತಲೆಕೆಳಗಾಯಿತು. ಮರವನ್ನೂ ಒಂದು, ಹೇನನ್ನೂ ಒಂದು ಅಂತ ಎಣಿಸಿದ್ದರಿಂದ ಹೀಗಾಗುತ್ತದೆ. ಜೀವರಾಶಿ ಪಿರಮಿಡ್‌ನಲ್ಲಿ ಎಣಿಸುವ ಬದಲು ತೂಗುತ್ತಾರೆ. ಆಲದ ಮರ ಟನ್‌ಗಟ್ಟಲೆ, ಹಕ್ಕಿಗಳು ಕೆಲವು ಕಿಲೋ, ಹೇನು ಕೆಲವು ಗ್ರಾಂ. ಸರಿಯಾಯಿತು. ಮೂರನೆಯದು ಶಕ್ತಿ ಪಿರಮಿಡ್. ಒಂದು ವರ್ಷದಲ್ಲಿ ಪ್ರತಿ ಮೆಟ್ಟಿಲಿಗೆ ಎಷ್ಟು ಶಕ್ತಿ ಬಂತು ಅಂತ ಇದು ತೋರಿಸುತ್ತದೆ. ಸಿಲ್ವರ್ ಸ್ಪ್ರಿಂಗ್ಸ್‌ನ ಅಂಕಿಗಳು ಇಂಥವೇ.

ಸಮುದ್ರದಲ್ಲಿ ತೂಕ ತಲೆಕೆಳಗು

ತೂಕವೂ ಒಮ್ಮೊಮ್ಮೆ ತಲೆಕೆಳಗಾಗುತ್ತದೆ. ಸಮುದ್ರದಲ್ಲಿ ಹುಲ್ಲಿನ ಜಾಗದಲ್ಲಿ ಇರುವುದು ಸಸ್ಯ ಪ್ಲವಕಗಳು. ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದ ಪುಟ್ಟ ಜೀವಿಗಳು. ಇಂಗ್ಲಿಷ್ ಕಾಲುವೆಯಲ್ಲಿ ಮಾಡಿದ ಒಂದು ಪ್ರಸಿದ್ಧ ಅಳತೆಯಲ್ಲಿ ಚದರ ಮೀಟರಿಗೆ ಸಸ್ಯ ಪ್ಲವಕ 4 ಗ್ರಾಂ ಇತ್ತು. ಅದನ್ನು ತಿನ್ನುವ ಪ್ರಾಣಿ ಪ್ಲವಕ 21 ಗ್ರಾಂ. ತಿನ್ನುವವರು ಊಟಕ್ಕಿಂತ ಐದು ಪಟ್ಟು ಭಾರ!

ಇದು ಹೇಗೆ ಸಾಧ್ಯ ಅಂದರೆ, ಸಸ್ಯ ಪ್ಲವಕ ಒಂದೆರಡು ದಿನದಲ್ಲೇ ಒಡೆದು ದುಪ್ಪಟ್ಟಾಗುತ್ತದೆ. ಹುಟ್ಟಿದ್ದು ಹುಟ್ಟಿದ ಹಾಗೆ ತಿನ್ನಿಸಿಕೊಳ್ಳುತ್ತದೆ. ಯಾವ ಹೊತ್ತಿನಲ್ಲಿ ತೂಗಿದರೂ ಸ್ವಲ್ಪವೇ ಕಾಣುತ್ತದೆ, ವರ್ಷಪೂರ್ತಿ ಹುಟ್ಟಿದ್ದನ್ನು ಕೂಡಿಸಿದರೆ ರಾಶಿ ದೊಡ್ಡದು. ಅಂದರೆ ಶಕ್ತಿಯ ಲೆಕ್ಕದಲ್ಲಿ ಇಲ್ಲೂ ಕೆಳಗೇ ಅಗಲ. ಮೂರರಲ್ಲಿ ಶಕ್ತಿ ಪಿರಮಿಡ್ ಮಾತ್ರ ಎಂದೂ ತಲೆಕೆಳಗಾಗುವುದಿಲ್ಲ.

ನಮ್ಮ ಕರಾವಳಿಯ ಮೀನು ಮಾರುಕಟ್ಟೆಯಲ್ಲೂ ಈ ಮೆಟ್ಟಿಲುಗಳು ಕಾಣುತ್ತವೆ. ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ಆಳದ ತಣ್ಣನೆ ನೀರು ಗೊಬ್ಬರದ ಅಂಶ ಹೊತ್ತು ಮೇಲಕ್ಕೆ ಬರುತ್ತದೆ. ಪ್ಲವಕಗಳು ಸೊಕ್ಕಿ ಬೆಳೆಯುತ್ತವೆ. ಬೂತಾಯಿ ಈ ಪ್ಲವಕವನ್ನೇ ಸೋಸಿ ತಿನ್ನುತ್ತದೆ. ಅದಕ್ಕೇ ಒಳ್ಳೆಯ ವರ್ಷದಲ್ಲಿ ಮಲ್ಪೆ, ಮಂಗಳೂರಿನ ದಕ್ಕೆಗೆ ಬೂತಾಯಿ ಬುಟ್ಟಿಗಟ್ಟಲೆ ಬರುವುದು. ಅಂಜಲ್ ಇಂಥ ಸಣ್ಣ ಮೀನುಗಳನ್ನು ತಿಂದು ಬೆಳೆಯುತ್ತದೆ. ಒಂದೆರಡು ಮೆಟ್ಟಿಲು ಮೇಲಿರುವ ಅದು ಬೂತಾಯಿಯಷ್ಟು ಇರಲು ಸಾಧ್ಯವೇ ಇಲ್ಲ. ಅಂಜಲ್ ದುಬಾರಿ ಆಗಲು ರುಚಿ, ಬೇಡಿಕೆ, ಡೀಸೆಲ್ ಖರ್ಚು ಎಲ್ಲ ಇವೆ. ಅದು ಕಡಿಮೆ ಸಿಗುವುದರ ಹಿಂದೆ ಈ ಶಕ್ತಿಯ ಲೆಕ್ಕವೂ ಇದೆ.

ಮೇಲಕ್ಕೆ ಹೋದಂತೆ ವಿಷ ಜಾಸ್ತಿ

ಶಕ್ತಿ ಪ್ರತಿ ಮೆಟ್ಟಿಲಿನಲ್ಲಿ ಶಾಖವಾಗಿ ಹೋಗುತ್ತದೆ. ಕೆಲವು ವಿಷಗಳು ಹೋಗುವುದಿಲ್ಲ. ಡಿಡಿಟಿ ಕೊಬ್ಬಿನಲ್ಲಿ ಕರಗಿ ಕೂರುತ್ತದೆ. ಮೀಥೈಲ್ ರೂಪದ ಪಾದರಸ ಮೀನಿನ ಮಾಂಸಕ್ಕೆ ಅಂಟಿಕೊಳ್ಳುತ್ತದೆ. ಸಣ್ಣ ಮೀನು ತನ್ನ ಜೀವಮಾನದಲ್ಲಿ ತಿಂದ ಪ್ಲವಕದ ವಿಷವೆಲ್ಲ ಅದರ ಮೈಯಲ್ಲಿರುತ್ತದೆ. ದೊಡ್ಡ ಮೀನು ಅಂಥ ಸಾವಿರಾರು ಸಣ್ಣ ಮೀನು ತಿನ್ನುತ್ತದೆ. ಊಟದ ಶಕ್ತಿ ಖರ್ಚಾಗಿ ಹೋಗುತ್ತದೆ, ವಿಷ ಉಳಿಯುತ್ತದೆ. ಹಾಗಾಗಿ ಶಕ್ತಿ ಕಡಿಮೆಯಾದಷ್ಟೂ ವಿಷ ದಟ್ಟವಾಗುತ್ತದೆ.

1967ರಲ್ಲಿ ಬ್ರಿಟನ್ನಿನ ಡೆರೆಕ್ ರಾಟ್‌ಕ್ಲಿಫ್ ಸಂಗ್ರಹಗಳಲ್ಲಿದ್ದ ಹಳೆಯ ಮೊಟ್ಟೆಗಳನ್ನು ಹೊಸವುಗಳ ಜೊತೆ ಹೋಲಿಸಿ ನೋಡಿದ. ಎರಡನೇ ಮಹಾಯುದ್ಧದ ನಂತರ, ಡಿಡಿಟಿ ಬಳಕೆಗೆ ಬಂದ ಮೇಲೆ, ಬೇಟೆಗಾರ ಹಕ್ಕಿಗಳ ಮೊಟ್ಟೆಯ ಚಿಪ್ಪು ತೆಳುವಾಗಿತ್ತು. ಕಾವು ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. ಹೊಲಕ್ಕೆ ಹೊಡೆದ ಔಷಧಿ ಕಾಳು, ಹುಳ ತಿನ್ನುವ ಸಣ್ಣ ಹಕ್ಕಿಗಳ ಮೂಲಕ ಅವನ್ನು ಹಿಡಿಯುವ ಡೇಗೆಯಂಥ ಹಕ್ಕಿಗಳ ಮೈ ಸೇರಿತ್ತು. ಅಮೆರಿಕ 1972ರಲ್ಲಿ ಡಿಡಿಟಿ ನಿಷೇಧಿಸಿತು. ನಂತರದ ದಶಕಗಳಲ್ಲಿ ಈ ಹಕ್ಕಿಗಳು ಚೇತರಿಸಿಕೊಂಡವು.

ಗರ್ಭಿಣಿಯರಿಗೆ ಶಾರ್ಕ್, ಕತ್ತಿಮೀನಿನಂಥ ದೊಡ್ಡ ಬೇಟೆಗಾರ ಮೀನು ಬೇಡ ಅಂತ ಹಲವು ದೇಶಗಳ ಆರೋಗ್ಯ ಇಲಾಖೆಗಳು ಸಲಹೆ ಕೊಡುವುದು ಇದೇ ಕಾರಣಕ್ಕೆ. ಪಾದರಸ ಹುಟ್ಟಲಿರುವ ಮಗುವಿನ ಮೆದುಳು, ನರಗಳ ಬೆಳವಣಿಗೆಗೆ ತೊಂದರೆ ಮಾಡುತ್ತದೆ. ಅದೇ ಸಲಹೆಯ ಪಟ್ಟಿಗಳಲ್ಲಿ ಬೂತಾಯಿ ಜಾತಿಯ ಸಣ್ಣ ಮೀನುಗಳು ತಿನ್ನಬಹುದಾದವುಗಳ ಸಾಲಿನಲ್ಲಿರುತ್ತವೆ. ಅವು ಇರುವುದು ಕೆಳಗಿನ ಮೆಟ್ಟಿಲಿನಲ್ಲಿ, ಬದುಕುವುದೂ ಕೆಲವೇ ವರ್ಷ. ಮೈಯಲ್ಲಿ ಪಾದರಸ ಕೂಡಿಟ್ಟುಕೊಳ್ಳಲು ಅವಕ್ಕೆ ಸಮಯವೇ ಸಿಗುವುದಿಲ್ಲ.